‘ಇಲ್ಲ’ ಎಂದು ಬರೆದು ಸಹಿ ಮಾಡುವ ಮೊದಲು

ಕಲಬುರಗಿ

ಚಿರಂಜೀವಿ ತಂಗಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರದಲ್ಲಿ ಬೀದರಿನ ಬಾಡಿಗೆ ಮನೆಯ ಮಾತು, ಊಟದ ಮಾತುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: ‘ಕಮಾಂಡ್ ಕೊಟ್ಟೆ, ಏನೂ ಬರಲಿಲ್ಲ, ಎರರ್ ಕೂಡ ಬರಲಿಲ್ಲ, ಪಾಲಿಸಿ ಇಲ್ಲವೆಂದು ವರದಿಯಲ್ಲಿ ಬರೆದು ಸಹಿ ಮಾಡು ಎನ್ನುತ್ತಿದ್ದಾರೆ, ನನಗೆ ಭಯವಾಗುತ್ತಿದೆ.’ ಆ ಭಯವನ್ನು ಹೊಸಬಳ ಅಂಜಿಕೆ ಎಂದು ಯಾರಾದರೂ ಹೇಳಿದ್ದರೆ ಅವರ ಮಾತನ್ನು ಕೇಳಬೇಡ. ಈ ಕೆಲಸದಲ್ಲಿ ಅಂಜಬೇಕಾದ ಜಾಗ ಅದೊಂದೇ, ನೀನು ಸರಿಯಾಗಿ ಅಲ್ಲಿಯೇ ಅಂಜಿದ್ದೀ.

ಎರರ್ ಬಂದರೆ ಒಳ್ಳೆಯದು, ಅದು ಏನನ್ನೋ ಹೇಳುತ್ತದೆ. ಏನೂ ಹೇಳದ ಖಾಲಿ ಪರದೆಯೇ ಕಷ್ಟದ್ದು, ಏಕೆಂದರೆ ಕಚೇರಿಯ ಖಾತೆಗಳನ್ನೂ ಪಾಲಿಸಿಗಳೆಂಬ ಅವುಗಳ ನಿಯಮಗಳನ್ನೂ ಇಟ್ಟುಕೊಂಡಿರುವ ಡೈರೆಕ್ಟರಿ ಸರ್ವರ್ ನಿನಗೆ ನೋಡುವ ಅಧಿಕಾರವಿಲ್ಲದ ವಸ್ತುವನ್ನು ‘ಇದೆ, ಆದರೆ ತೋರಿಸುವುದಿಲ್ಲ’ ಎಂದು ಹೇಳುವುದಿಲ್ಲ. ಅದು ಇಲ್ಲವೇ ಇಲ್ಲವೆಂಬಂತೆ ಉಳಿದದ್ದನ್ನಷ್ಟೇ ಕೊಟ್ಟು ಸುಮ್ಮನಾಗುತ್ತದೆ. ನಮ್ಮ ಅಪ್ಪ ಹೊಲದ ಹಳೆಯ ಕಾಗದಕ್ಕಾಗಿ ತಹಸೀಲ್ ಕಚೇರಿಗೆ ಅಲೆದಾಗ ಗುಮಾಸ್ತರು ‘ದಾಖಲೆ ಇಲ್ಲ’ ಎಂದೇ ಹೇಳಿ ಕಳಿಸುತ್ತಿದ್ದರು. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿ ಬೇರೆ ಗಂಟಿನಲ್ಲಿತ್ತು, ಅವರು ತೆರೆದು ನೋಡಿದ ಗಂಟು ಕನ್ನಡದ್ದು. ನಿನ್ನ ಸಾಲನ್ನು ಓದಿದಾಗ ನನಗೆ ಅದೇ ನೆನಪಾಯಿತು.

ನೀನು ಯಾವ ಪಾಲಿಸಿಯನ್ನು ಹುಡುಕಿದೆ ಎಂಬುದು ಪತ್ರದಿಂದ ನನಗೆ ಸ್ಪಷ್ಟವಾಗಲಿಲ್ಲ. ನಿಮ್ಮದು ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಎಂದಿದ್ದೀ. ಅದರಲ್ಲಿ ಪಾಲಿಸಿ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಮೂರು ಬೇರೆ ಜಾಗಗಳಲ್ಲಿ ಕುಳಿತಿರುತ್ತವೆ. ಇಡೀ ಡೊಮೇನಿಗೆ, ಅಂದರೆ ಒಂದೇ ಆಡಳಿತಕ್ಕೆ ಸೇರಿದ ಖಾತೆ-ಕಂಪ್ಯೂಟರುಗಳ ಗುಂಪಿಗೆ, ಅನ್ವಯಿಸುವ ಡೀಫಾಲ್ಟ್ ಪಾಸ್‌ವರ್ಡ್ ಪಾಲಿಸಿ ಡೊಮೇನಿನ ತುದಿಯ ವಸ್ತುವಿನ ಮೇಲೆಯೇ ಇರುತ್ತದೆ. ವಿಂಡೋಸ್ ಸರ್ವರ್ 2008ರಿಂದ ಬಂದ, ಆಯ್ದ ಬಳಕೆದಾರರಿಗೆ ಇಲ್ಲವೇ ಗ್ರೂಪುಗಳಿಗೆ ಮಾತ್ರ ತಗಲುವ ಫೈನ್-ಗ್ರೇನ್ಡ್ ಪಾಲಿಸಿಗಳು ‘ಸಿಸ್ಟಮ್’ ಎಂಬುದರ ಒಳಗಿನ ‘ಪಾಸ್‌ವರ್ಡ್ ಸೆಟ್ಟಿಂಗ್ಸ್ ಕಂಟೇನರ್’ನಲ್ಲಿರುತ್ತವೆ. 2012 ಆರ್2ರಲ್ಲಿ ಬಂದ, ಖಾತೆ ಎಲ್ಲಿಂದ ಲಾಗಿನ್ ಆಗಬಹುದೆಂದು ಕಟ್ಟುಹಾಕುವ ಅಥೆಂಟಿಕೇಶನ್ ಪಾಲಿಸಿ ಮತ್ತು ಅಂಥ ಖಾತೆಗಳನ್ನು ಒಟ್ಟುಗೂಡಿಸುವ ಸೈಲೋಗಳಂತೂ ಡೊಮೇನಿನ ಭಾಗದಲ್ಲಿಯೇ ಇಲ್ಲ. ಅವು ಕಾನ್ಫಿಗರೇಶನ್ ಪಾರ್ಟಿಶನ್ ಎಂಬ ಬೇರೆಯೇ ಭಾಗದಲ್ಲಿ, ‘ಸರ್ವಿಸಸ್’ ಕಂಟೇನರಿನ ಒಳಗಿವೆ. ‘ಗೆಟ್-ಎಡಿಅಥೆಂಟಿಕೇಶನ್‌ಪಾಲಿಸಿ’ ಎಂಬ ಪವರ್‌ಶೆಲ್ ಕಮಾಂಡಿಗೆ ಆ ಜಾಗ ತಾನಾಗಿ ಗೊತ್ತು. ಡೈರೆಕ್ಟರಿಯಲ್ಲಿ ಹುಡುಕುವ ‘ಎಲ್‌ಡ್ಯಾಪ್‌ಸರ್ಚ್’ ಎಂಬ ಇನ್ನೊಂದು ಕಮಾಂಡಿಗೆ ಗೊತ್ತಿಲ್ಲ, ಅದು ನೀನು ಬೇಸ್ ಎಂದು ಕೊಟ್ಟ ಜಾಗದಿಂದ ಕೆಳಗೆ ಮಾತ್ರ ಹುಡುಕುತ್ತದೆ. ಡೊಮೇನಿನ ಹೆಸರನ್ನೇ ಬೇಸ್ ಎಂದು ಕೊಟ್ಟು ಅಥೆಂಟಿಕೇಶನ್ ಪಾಲಿಸಿಯನ್ನು ಕೇಳಿದ್ದರೆ ಅದು ಬರುವುದು ಸಾಧ್ಯವೇ ಇರಲಿಲ್ಲ. ಔಟ್‌ಪುಟ್‌ನ ಕೊನೆಯಲ್ಲಿ ‘ರೆಫ್’ ಎಂದು ಶುರುವಾಗುವ, ಕಾನ್ಫಿಗರೇಶನ್ ಎಂಬ ಹೆಸರುಳ್ಳ ಸಾಲು ಬಂದಿತ್ತೇ, ನೆನಪು ಮಾಡಿಕೊ. ‘ನೀನು ಕೇಳಿದ ಜಾಗ ಇಲ್ಲಿಗೆ ಮುಗಿಯಿತು, ಮುಂದಿನದಕ್ಕೆ ಅಲ್ಲಿ ಕೇಳು’ ಎಂದು ಸರ್ವರ್ ಹೇಳುವ ಮಾತು ಅದು. ಬಹಳ ಜನ ಅದನ್ನು ಕಸವೆಂದು ದಾಟಿ ಹೋಗುತ್ತಾರೆ.

ಇದನ್ನೆಲ್ಲ ಪಾಠದಂತೆ ಹೇಳುತ್ತಿರುವುದಕ್ಕೆ ಬೇಸರಪಡಬೇಡ. ನಿವೃತ್ತನಾದವನಿಗೆ ಕೇಳುವವರು ಸಿಕ್ಕರೆ ಮಾತು ಉದ್ದವಾಗುತ್ತದೆ.

ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ನಾವು ಅಲ್ಲೊಂದು ಶಾಖೆ ತೆರೆದೆವು. ಅಲ್ಲಿನ ಹಿರಿಯ ಗುಮಾಸ್ತರೊಬ್ಬರ ಖಾತೆ ಬೆಳಿಗ್ಗೆ ತೆರೆದರೆ ಮಧ್ಯಾಹ್ನದೊಳಗೆ ಲಾಕ್ ಆಗುತ್ತಿತ್ತು. ಅವರು ದೂರು ಕೊಟ್ಟರು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ‘ನೆಟ್ ಅಕೌಂಟ್ಸ್’ ಕಮಾಂಡಿಗೆ ಡೊಮೇನ್ ಸ್ವಿಚ್ ಸೇರಿಸಿ ಓಡಿಸಿದರು; ಪರದೆಯ ಮೇಲೆ ‘ಲಾಕೌಟ್ ಥ್ರೆಶೋಲ್ಡ್’ ಎದುರಿಗೆ ‘ನೆವರ್’ ಎಂದಿತ್ತು, ಅಂದರೆ ಎಷ್ಟು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೂ ಖಾತೆ ಲಾಕ್ ಆಗುವುದಿಲ್ಲ. ಫೈನ್-ಗ್ರೇನ್ಡ್ ಪಾಲಿಸಿಗಳನ್ನು ಕೇಳಿದರು, ಖಾಲಿ. ‘ಲಾಕ್ ಮಾಡುವ ಪಾಲಿಸಿಯೇ ನಮ್ಮಲ್ಲಿಲ್ಲ’ ಎಂದು ಬರೆದು, ಗುಮಾಸ್ತರು ಕೆಲಸ ತಪ್ಪಿಸಲು ನೆವ ಹೇಳುತ್ತಿದ್ದಾರೆ ಎಂಬ ಅರ್ಥ ಬರುವಂತೆ ಒಂದು ವಾಕ್ಯವನ್ನೂ ಸೇರಿಸಿ ಸಹಿ ಮಾಡಿದರು. ಪಾಲಿಸಿ ಇತ್ತು, ತಂಗಿ. ಗುಮಾಸ್ತರು ಸೇರಿದ್ದ ಗ್ರೂಪಿಗೆ ಪ್ರತ್ಯೇಕವಾದ ಫೈನ್-ಗ್ರೇನ್ಡ್ ಪಾಲಿಸಿ ಜೋಡಿಸಲಾಗಿತ್ತು, ಅದರಲ್ಲಿ ಲಾಕೌಟ್ ಇತ್ತು. ‘ನೆಟ್ ಅಕೌಂಟ್ಸ್’ ತೋರಿಸುವುದು ಡೀಫಾಲ್ಟ್ ಪಾಲಿಸಿಯನ್ನು ಮಾತ್ರ. ಇನ್ನು ಫೈನ್-ಗ್ರೇನ್ಡ್ ಪಾಲಿಸಿಗಳನ್ನು ಓದುವ ಅಧಿಕಾರ ಮೊದಲಿನಿಂದ ಡೊಮೇನ್ ಅಡ್ಮಿನ್‌ಗಳಿಗಷ್ಟೇ ಇರುತ್ತದೆ. ಬಂದ ಅಧಿಕಾರಿಯ ಖಾತೆ ಆ ಗುಂಪಿನದಾಗಿರಲಿಲ್ಲ. ಹಳೆಯ ಪಾಸ್‌ವರ್ಡನ್ನು ಉಳಿಸಿಕೊಂಡಿದ್ದ ಒಂದು ಶೆಡ್ಯೂಲ್ಡ್ ಟಾಸ್ಕ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಬೇರೆ ಕಂಪ್ಯೂಟರಿನಿಂದ ಬಾಗಿಲು ಬಡಿಯುತ್ತಲೇ ಇತ್ತು ಎಂಬುದು ಗೊತ್ತಾಗುವ ಹೊತ್ತಿಗೆ ಗುಮಾಸ್ತರು ನಿವೃತ್ತರಾಗಿ ಸುರಪುರದ ಕಡೆ ತಮ್ಮ ಹಳ್ಳಿಗೆ ಹೋಗಿಬಿಟ್ಟಿದ್ದರು. ಅವರನ್ನು ಹುಡುಕಿಕೊಂಡು ಹೋಗಿ ‘ನೀವು ಹೇಳಿದ್ದು ನಿಜವಾಗಿತ್ತು’ ಎಂದು ತಿಳಿಸಬೇಕು ಎಂದು ಎಷ್ಟೋ ವರ್ಷ ಅಂದುಕೊಂಡೆ. ಈಗ ತಿಳಿಸಲು ಅವರಿಲ್ಲ. ಆ ವಾಕ್ಯ ಅವರ ಕಡತದಲ್ಲಿ ಹಾಗೆಯೇ ಉಳಿದಿರಬೇಕು.

ಆದ್ದರಿಂದಲೇ ನಿನ್ನ ಸಾಲು ನನ್ನನ್ನು ಕಾಡಿತು. ಖಾಲಿ ಪರದೆಯನ್ನು ನೋಡಿದವಳು ನೀನೊಬ್ಬಳೇ ಇರಬಹುದು, ಆದರೆ ‘ಇಲ್ಲ’ ಎಂದು ನೀನು ಸಹಿ ಮಾಡಿದ ಮೇಲೆ ಅದನ್ನು ನಂಬಿ ಇನ್ನೊಬ್ಬರನ್ನು ತಪ್ಪಿತಸ್ಥರೆನ್ನುವವರು ಹಲವರಿರುತ್ತಾರೆ.

ಒಂದು ತೊಡಕನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ಖಾಲಿಯೂ ಸುಳ್ಳಲ್ಲ. ‘ಗೆಟ್-ಎಡಿಯೂಸರ್‌ರಿಸಲ್ಟೆಂಟ್‌ಪಾಸ್‌ವರ್ಡ್‌ಪಾಲಿಸಿ’ ಎಂದು ಒಬ್ಬ ಬಳಕೆದಾರನ ಹೆಸರು ಕೊಟ್ಟು ಕೇಳಿದಾಗ ಏನೂ ಬರದಿದ್ದರೆ, ಆತನಿಗೆ ಯಾವ ಫೈನ್-ಗ್ರೇನ್ಡ್ ಪಾಲಿಸಿಯೂ ಅನ್ವಯಿಸುವುದಿಲ್ಲ, ಡೀಫಾಲ್ಟ್ ಪಾಲಿಸಿಯೇ ನಡೆಯುತ್ತದೆ ಎಂದರ್ಥ. ಅಲ್ಲಿ ಖಾಲಿಯೇ ಉತ್ತರ. ಆದರೆ ಈ ಮಾತು ಓದುವ ಅಧಿಕಾರವಿರುವ ಖಾತೆಯಿಂದ ಕೇಳಿದಾಗ ಮಾತ್ರ ನಿಜ. ಖರೆ ಖಾಲಿಯೂ ಮುಚ್ಚಿಟ್ಟ ಖಾಲಿಯೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ, ನಿನ್ನ ಭಯದ ಬೇರು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಆ ಬೇರನ್ನು ಕೀಳಲು ನನಗೆ ಗೊತ್ತಿರುವ ದಾರಿ ಒಂದೇ: ಅದೇ ಕಮಾಂಡನ್ನು ಅದೇ ಸರ್ವರಿನ ಮೇಲೆ ಡೊಮೇನ್ ಅಡ್ಮಿನ್ ಒಬ್ಬರು ಓಡಿಸಲಿ, ಎರಡೂ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ನೋಡು. ನಿನಗೇ ಅಡ್ಮಿನ್ ಅಧಿಕಾರ ಬೇಕೆಂದು ಕೇಳಬೇಡ, ಕೇಳುವುದು ಒಳ್ಳೆಯದೂ ಅಲ್ಲ. ಆ ಕಂಟೇನರನ್ನು ಓದುವಷ್ಟು ಅನುಮತಿಯನ್ನು ನಿನ್ನ ಖಾತೆಗೆ ಕೊಡಿಸಿಕೊಂಡರೆ ಸಾಕು. ಅಂದ ಹಾಗೆ, ‘ಗೆಟ್’ ಎಂದು ಶುರುವಾಗುವ ಕಮಾಂಡುಗಳು ಓದುತ್ತವೆಯೇ ಹೊರತು ಏನನ್ನೂ ಬದಲಿಸುವುದಿಲ್ಲವಾದ್ದರಿಂದ ಆ ಕಡೆಯ ಹೆದರಿಕೆ ನಿನಗೆ ಬೇಡ.

‘ಎಲ್‌ಡ್ಯಾಪ್‌ಸರ್ಚ್’ ಬಳಸುವಾಗ ಔಟ್‌ಪುಟ್ ಚೊಕ್ಕಟವಾಗಿರಲೆಂದು ಮೂರು ‘ಎಲ್’ಗಳ ಆಪ್ಶನ್ ಹಾಕುವ ರೂಢಿ ನಿನಗೂ ಇರಬಹುದು. ಈ ಒಂದು ಕೆಲಸದ ಮಟ್ಟಿಗೆ ಅದನ್ನು ತೆಗೆ. ಅದಿಲ್ಲದಿದ್ದರೆ ಕೊನೆಯಲ್ಲಿ ಫಲಿತಾಂಶದ ಸಂಖ್ಯೆಯೂ ಎಷ್ಟು ಉತ್ತರಗಳು ಬಂದವೆಂಬುದೂ ಮೂಡುತ್ತವೆ. 0 ಎಂದರೆ ಹುಡುಕಾಟ ಸುಸೂತ್ರವಾಗಿ ಮುಗಿಯಿತು ಎಂದಷ್ಟೇ, ಎಲ್ಲವನ್ನೂ ತೋರಿಸಿದೆ ಎಂದಲ್ಲ. 49 ಬಂದರೆ ಸಾಮಾನ್ಯವಾಗಿ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 32 ಬಂದರೆ ಆ ಬೇಸ್ ಇಲ್ಲ, ಇಲ್ಲವೇ ಅದನ್ನು ನಿನ್ನಿಂದ ಮರೆಮಾಡಲಾಗಿದೆ. ಹೌದು, ಆ ಸಂಖ್ಯೆಯನ್ನೂ ಪೂರ್ತಿ ನಂಬುವಂತಿಲ್ಲ. ಒಬ್ಬ ಬಳಕೆದಾರನಿಗೆ ಯಾವ ಫೈನ್-ಗ್ರೇನ್ಡ್ ಪಾಲಿಸಿ ತಗಲುತ್ತದೆ ಎಂದು ತಿಳಿಸುವ ‘ರಿಸಲ್ಟೆಂಟ್ ಪಿಎಸ್‌ಒ’ ಎಂಬ ಆಟ್ರಿಬ್ಯೂಟನ್ನು ಹೆಸರು ಹಿಡಿದು ಕೇಳಬೇಕು. ಸರ್ವರ್ ಅದನ್ನು ಕೇಳಿದ ಕ್ಷಣದಲ್ಲಿ ಲೆಕ್ಕ ಹಾಕಿ ಕೊಡುತ್ತದೆಯಾದ್ದರಿಂದ ‘ಎಲ್ಲವನ್ನೂ ಕೊಡು’ ಎಂದರೆ ಅದು ಬರುವುದಿಲ್ಲ. ಮತ್ತೆ ಅದೇ ಕಥೆ ನೋಡು, ಇದ್ದದ್ದು ಕಾಣಲಿಲ್ಲ.

ಸಂಖ್ಯೆಗಳನ್ನು ಕಂಡು ಗಾಬರಿಯಾಗಬೇಡ. ಪಾಸ್‌ವರ್ಡಿನ ಗರಿಷ್ಠ ಆಯುಷ್ಯದ ಎದುರು -36288000000000 ಎಂದಿದ್ದರೆ ಅದು ಕೆಟ್ಟುಹೋದ ಮಾಹಿತಿಯಲ್ಲ, 42 ದಿನ. ಡೈರೆಕ್ಟರಿ ಇಂಥ ಅವಧಿಗಳನ್ನು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ಋಣ ಚಿಹ್ನೆಯೊಂದಿಗೆ ಇಟ್ಟುಕೊಳ್ಳುತ್ತದೆ.

ಒಂದು ವೇಳೆ ಅಥೆಂಟಿಕೇಶನ್ ಪಾಲಿಸಿ ಸಿಕ್ಕಿತು ಎಂದುಕೊ. ಆಗ ಇದಕ್ಕೆ ತಿರುಗುಮುರುಗಾದ ತಪ್ಪು ಕಾದು ಕುಳಿತಿರುತ್ತದೆ, ‘ಇದೆ’ ಎಂದು ಬರೆದುಬಿಡುವುದು. ‘ಎನ್‌ಫೋರ್ಸ್’ ಎಂಬುದರ ಎದುರು ‘ಫಾಲ್ಸ್’ ಎಂದಿದ್ದರೆ ಆ ಪಾಲಿಸಿ ಯಾರನ್ನೂ ತಡೆಯುತ್ತಿಲ್ಲ, ತಡೆಯಬಹುದಾಗಿದ್ದ ಸಂದರ್ಭಗಳನ್ನು ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ಖಾತೆಯನ್ನು ಸೈಲೋದ ಸದಸ್ಯರ ಪಟ್ಟಿಗೆ ಸೇರಿಸಿದರೆ ಸಾಲದು, ಆ ಖಾತೆಗೆ ಸೈಲೋವನ್ನು ಜೋಡಿಸಿಯೂ ಇರಬೇಕು, ಎರಡನ್ನೂ ನೋಡು. ನಾನು ಈ ಸೈಲೋಗಳ ಕೆಲಸವನ್ನು ಮನಸ್ಸಿಟ್ಟು ಕಲಿಯುವ ಹೊತ್ತಿಗೆ ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಹೈದರಾಬಾದಿನ ತರಬೇತಿಗೆ ಹೆಸರು ಬಂದ ವರ್ಷ ನಿನ್ನ ಅಜ್ಜನನ್ನು ಬಿಟ್ಟು ಹೋಗುವಂತಿರಲಿಲ್ಲ, ಆಮೇಲೆ ಹೆಸರು ಬರಲಿಲ್ಲ. ಹಾಗಾಗಿ ಈ ವಿಷಯದಲ್ಲಿ ನನಗಿಂತ ನಿನ್ನ ಓದು ಹೆಚ್ಚೇ ಇರಬಹುದು. ತಿಳಿದಿರುವುದನ್ನೇ ಹೇಳಿದ್ದರೆ ಕಾಕಾನ ಹರಟೆ ಎಂದು ಬಿಡು.

ಡೈರೆಕ್ಟರಿಯ ಪ್ರತಿಯನ್ನು ಇಟ್ಟುಕೊಂಡಿರುವ ಯಾವ ಸರ್ವರನ್ನು, ಅಂದರೆ ಯಾವ ಡೊಮೇನ್ ಕಂಟ್ರೋಲರನ್ನು, ಕೇಳಿದೆ ಎಂಬುದನ್ನು ಮಾತ್ರ ತಪ್ಪದೆ ಬರೆದಿಟ್ಟುಕೊ, ಕಮಾಂಡಿನಲ್ಲಿಯೇ ಸರ್ವರಿನ ಹೆಸರು ಕೊಡು. ಬೇರೆ ಬೇರೆ ಸೈಟುಗಳ (ಬೇರೆ ಬೇರೆ ಜಾಗದ ಕಚೇರಿಗಳ ನೆಟ್‌ವರ್ಕುಗಳ) ನಡುವೆ ಬದಲಾವಣೆ ದಾಟಲು ಡೀಫಾಲ್ಟ್ ಅಂತರ 180 ನಿಮಿಷ. ನಮ್ಮ ಯಾದಗಿರಿಯ ಲೈನ್ ಬಿದ್ದಾಗಲಂತೂ ಕಲಬುರಗಿಯಲ್ಲಿ ಬೆಳಿಗ್ಗೆ ಮಾಡಿದ ಪಾಲಿಸಿ ಅಲ್ಲಿ ಸಂಜೆಯಾದರೂ ಕಾಣುತ್ತಿರಲಿಲ್ಲ. ಅದೂ ಒಂದು ಬಗೆಯ ಖಾಲಿ ಪರದೆಯೇ, ಅಧಿಕಾರವೂ ಸರಿ, ಬೇಸ್ ಸರಿ, ಆದರೂ ಏನೂ ಬರುವುದಿಲ್ಲ.

ವರದಿಯ ಮಾತಿಗೆ ಬರುತ್ತೇನೆ. ಸಾಹೇಬರಿಗೆ ಎದುರಾಡು ಎಂದು ನಾನು ಹೇಳುವವನಲ್ಲ, ಹೊಸ ನೌಕರಿಯಲ್ಲಿ ಅದರ ಬೆಲೆ ಏನೆಂದು ಬಲ್ಲೆ. ಆದರೆ ‘ಪಾಲಿಸಿ ಇಲ್ಲ’ ಎನ್ನುವ ಎರಡು ಪದಗಳ ಬದಲು ‘ಇಂಥ ದಿನ, ಇಂಥ ಖಾತೆಯಿಂದ, ಇಂಥ ಸರ್ವರಿನಲ್ಲಿ, ಇಂಥ ಬೇಸಿನಿಂದ ಹುಡುಕಿದಾಗ ಯಾವ ವಸ್ತುವೂ ಹಿಂದಿರುಗಲಿಲ್ಲ, ಈ ಖಾತೆಗೆ ಆ ಕಂಟೇನರನ್ನು ಓದುವ ಅಧಿಕಾರವಿದೆಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ’ ಎಂದು ಬರೆದರೆ ಅದರಲ್ಲಿ ಸುಳ್ಳಿಲ್ಲ, ಅವಿಧೇಯತೆಯೂ ಇಲ್ಲ. ಆ ವಾಕ್ಯದ ಕೆಳಗೆ ನೀನು ನಿಶ್ಚಿಂತಳಾಗಿ ಸಹಿ ಮಾಡಬಹುದು. ಉದ್ದವಾಯಿತು ಎಂದು ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಓಡಿಸಿದ ಕಮಾಂಡನ್ನು ಇದ್ದ ಹಾಗೆಯೇ ವರದಿಗೆ ಲಗತ್ತಿಸು, ಪಾಸ್‌ವರ್ಡ್ ಮಾತ್ರ ಆ ಸಾಲಿನಲ್ಲಿ ಇರದಂತೆ ನೋಡಿಕೊ.

ಔಟ್‌ಪುಟ್ಟನ್ನು ನನಗೆ ಕಳುಹಿಸಬೇಡ. ನೋಡುವ ಆಸೆ ನನಗಿದ್ದರೂ ಅದು ನಿಮ್ಮ ಕಚೇರಿಯ ಸ್ವತ್ತು. ಅಡ್ಮಿನ್ ಓಡಿಸಿದಾಗ ಏನಾದರೂ ಬಂದಿತೋ ಇಲ್ಲವೋ ಎಂಬುದಷ್ಟನ್ನು ಫೋನಿನಲ್ಲಿ ಹೇಳು, ರಾತ್ರಿ ಊಟದ ನಂತರ ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಅಲ್ಲಿಯವರೆಗೆ ಆ ಕಾಗದಕ್ಕೆ ಸಹಿ ಮಾಡಬೇಡ.

ಇಂತಿ,
ನಿನ್ನ ಕಾಕಾ