ಟ್ಯೂರಿಂಗ್‌ನ ಒಮ್ಮುಖ ವಿನಿಮಯ

ಮಾನ್ಯರೇ,

ಐರೋಪ್ಯ ಒಕ್ಕೂಟ ತೊರೆದ ಬ್ರಿಟನ್, ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆ ಎರಾಸ್ಮಸ್ ಬದಲಿಗೆ 2021ರಲ್ಲಿ ಟ್ಯೂರಿಂಗ್ ಯೋಜನೆ ತಂದಿತು. ಅದರ ಹಣ ಹೊರಹೋಗುವ ವಿದ್ಯಾರ್ಥಿಗಳಿಗಷ್ಟೇ. ಒಳಬರುವವರಿಗೆ ಬಿಡಿಗಾಸೂ ಇಲ್ಲ. ಎರಾಸ್ಮಸ್‌ನಲ್ಲಿ ಆತಿಥೇಯ ವಿ.ವಿ. ಬೋಧನಾ ಶುಲ್ಕ ಕೇಳುವಂತಿಲ್ಲ. ಟ್ಯೂರಿಂಗ್‌ನಲ್ಲಿ ಶುಲ್ಕ ಮನ್ನಾ ಆಯಾ ವಿ.ವಿ.ಗಳ ಚೌಕಾಸಿಗೆ ಬಿಟ್ಟದ್ದು. ತನ್ನ ವಿದ್ಯಾರ್ಥಿಗಳಿಗೆ ಏನೂ ಸಿಗದಿದ್ದರೆ ಎದುರಿನ ವಿ.ವಿ. ಯಾಕೆ ಮನ್ನಾ ಮಾಡೀತು?

ಸಂಶೋಧನೆಗೆ ಬಿದ್ದ ಪೆಟ್ಟು ಇನ್ನೂ ಜೋರು. ಉತ್ತರ ಐರ್ಲೆಂಡ್ ವ್ಯಾಪಾರ ವಿವಾದದಿಂದಾಗಿ ಒಕ್ಕೂಟದ ಸಂಶೋಧನಾ ಅನುದಾನ ಯೋಜನೆ ಹೊರೈಜನ್ ಯುರೋಪ್‌ನಲ್ಲಿ ಬ್ರಿಟನ್ನಿನ ಸಹಭಾಗಿತ್ವ 2024ರ ಜನವರಿವರೆಗೆ ನನೆಗುದಿಗೆ ಬಿತ್ತು. ಬ್ರಿಟನ್ ಸರ್ಕಾರ ಅನುದಾನವನ್ನೇನೋ ತುಂಬಿಕೊಟ್ಟಿತು. ಜಂಟಿ ಯೋಜನೆಗಳ ಮುಂದಾಳತ್ವವನ್ನು ತುಂಬಿಕೊಡುವುದು ಅದರ ಕೈಯಲ್ಲಿರಲಿಲ್ಲ.

2027ರಲ್ಲಿ ಬ್ರಿಟನ್ ಎರಾಸ್ಮಸ್‌ಗೆ ಮರಳಲಿದೆ. ಆದರೆ ಮುಕ್ತ ಸಂಚಾರ ಮರಳುವುದಿಲ್ಲ: ಆರು ತಿಂಗಳು ಮೀರಿದ ವ್ಯಾಸಂಗಕ್ಕೆ ಬರುವವರು ವೀಸಾ ಶುಲ್ಕ, ಆರೋಗ್ಯ ಸರ್‌ಚಾರ್ಜ್ ಎರಡನ್ನೂ ಕಟ್ಟಬೇಕು.

– ಓದುಗ, ಮೈಸೂರು