ಐವತ್ತೈದು ದಾಟಿದ ಚಾಲಕರಿಗೆ ಲೈಟ್ ಡ್ಯೂಟಿ ಕೊಡಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ನಾನು ಸರ್ಕಾರಿ ಬಸ್ ಚಾಲಕರೊಬ್ಬರ ಪತ್ನಿ. ನೌಕರಿಯಲ್ಲಿರುವವರು ಹೀಗೆ ಬಹಿರಂಗವಾಗಿ ಬರೆದರೆ ನೋಟಿಸ್ ಬರುತ್ತದೆಂಬ ಭಯ ಅವರಿಗಿದೆ. ನನಗೆ ನೋಟಿಸ್ ಕೊಡುವ ಅಧಿಕಾರ ಯಾರಿಗೂ ಇಲ್ಲದಿರುವುದರಿಂದ ನಾನೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರಿಗೆ ಈಗ 56 ವರ್ಷ. ಇಂಜಿನ್ನಿನ ಬಿಸಿ, ದಿನವಿಡೀ ಕ್ಲಚ್ ತುಳಿತ, ಹೊತ್ತು ತಪ್ಪಿದ ಊಟ, ಮುಂದಿನ ನಿಲ್ದಾಣದವರೆಗೆ ಮೂತ್ರ ಕಟ್ಟಿಕೊಂಡು ಕೂರುವ ಅಭ್ಯಾಸ, ಇವುಗಳಲ್ಲೇ ಸೇವೆ ಸವೆದು, ಇಂದು ಬಿಪಿ, ಶುಗರ್ ಜೊತೆಗೆ ಸೊಂಟದ ಡಿಸ್ಕ್ ಕೂಡ ಜಾರಿದೆ. ಹೆಚ್ಚು ಹೊತ್ತು ಕುಳಿತು ವಾಹನ ಓಡಿಸಬಾರದೆಂದು ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ಅವರು ಡಿಪೊದಲ್ಲಿ ಲೈಟ್ ಡ್ಯೂಟಿ ಕೇಳಿದಾಗ, ಅಲ್ಲಿನ ಅಧಿಕಾರಿ ಅದನ್ನು ಬಿಡಿಸಿಯೂ ನೋಡದೆ, "ಗಾಡಿ ಓಡಿಸೋಕಾಗಲ್ಲ ಅಂದ್ರೆ ವಿ.ಆರ್. (ಸ್ವಯಂ ನಿವೃತ್ತಿ) ಬರೆದುಕೊಡಿ, ಕುರ್ಚಿ ಮೇಲೆ ಕೂರಿಸೋಕೆ ಯಾರೂ ಸಂಬಳ ಕೊಡಲ್ಲ" ಎಂದರು. ಆ ವಾರವೇ ಘಾಟಿಯ ರಾತ್ರಿ ಶೆಡ್ಯೂಲ್‌ಗೆ ಹಾಕಿದರು. ಬೆಳಗ್ಗೆ ಅವರು ಸೀಟಿನಿಂದ ಇಳಿದದ್ದು ಕಂಡಕ್ಟರ್ ಹೆಗಲು ಹಿಡಿದುಕೊಂಡು. ಹಿಂದೆ ನೆಮ್ಮದಿಯಾಗಿ ಮಲಗಿ ಬಂದ ಪ್ರಯಾಣಿಕರಿಗೆ ಇದು ಗೊತ್ತಿರಲಿಲ್ಲ, ಅಧಿಕಾರಿಗೆ ಗೊತ್ತಿತ್ತು.

ಕಾನೂನು ತಮಗೆ ತಿಳಿಯದ್ದೇನಲ್ಲ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೊಳಗಾದ ನೌಕರನನ್ನು ಹೊರಹಾಕದೆ, ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಅಂದರೆ ಬೆನ್ನು ಪೂರ್ತಿ ಮುರಿದವರಿಗೆ ದಾರಿಯುಂಟು, ಮುರಿಯುತ್ತಿರುವವರು ಮುರಿಯುವವರೆಗೆ ಓಡಿಸುತ್ತಿರಬೇಕು! ವಿ.ಆರ್. ತೆಗೆದುಕೊಂಡರೆ ನಾಲ್ಕು ವರ್ಷದ ಸಂಬಳ ಹೋಗುತ್ತದೆ. 58 ತುಂಬುವ ಮೊದಲೇ ಪಿಎಫ್ ಪಿಂಚಣಿ ಪಡೆದರೆ ವರ್ಷಕ್ಕೆ ಶೇ 4ರಂತೆ ಅದಕ್ಕೂ ಕತ್ತರಿ ಬೀಳುತ್ತದೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಿದಾಗ ಅದು ಅನೇಕರಿಗೆ ವರವಾಗಿರಬಹುದು, ಆದರೆ ಸ್ಟಿಯರಿಂಗ್ ಹಿಡಿದವನ ಅರವತ್ತೂ ಮೇಜಿನ ಮುಂದೆ ಕುಳಿತವನ ಅರವತ್ತೂ ಒಂದೇ ಅಲ್ಲ.

ನಾವು ಬಿಟ್ಟಿ ಸಂಬಳ ಕೇಳುತ್ತಿಲ್ಲ. 55 ದಾಟಿದ ಚಾಲಕರಿಗೆ ವೈದ್ಯರು ಬರೆದುಕೊಟ್ಟರೆ, ಸಂಬಳ ಕಡಿತವಿಲ್ಲದೆ ಲೈಟ್ ಡ್ಯೂಟಿ ಕೊಡಿ. ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಾಗಲಿ, ಡಿಪೊದ ಗೇಟಿನಲ್ಲಾಗಲಿ, ಎಲ್ಲಿಯಾದರೂ ಸರಿ, ಲೈಟ್ ಡ್ಯೂಟಿ ಕೊಡಿ. ಅದು ಡಿಪೊ ಅಧಿಕಾರಿಯ ಮರ್ಜಿಗೆ ಬಿಟ್ಟ ದಯೆಯಾಗಿರದೆ, ತಮ್ಮ ಇಲಾಖೆಯ ಸುತ್ತೋಲೆಯಾಗಿ ಪ್ರತಿ ಡಿಪೊದ ನೋಟಿಸ್ ಬೋರ್ಡಿನಲ್ಲಿರಲಿ. ಉತ್ತರವನ್ನು ನನಗೆ ಕಳುಹಿಸಬೇಕಾಗಿಲ್ಲ, ಅಲ್ಲಿ ಅಂಟಿಸಿದರೆ ಸಾಕು.

ಇತಿ,
ಚಾಲಕರೊಬ್ಬರ ಪತ್ನಿ