ಮಕ್ಕಳ ಕೈಗೆ ಲೋಟ ಕೊಟ್ಟವರು ಯಾರೆಂದೂ ಕೇಳಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ದ್ವಿತೀಯ ಪಿಯು ಪರೀಕ್ಷೆ ಮುಗಿದ ವಾರ ಬೆಂಗಳೂರಿನ ಅನೇಕ ಮನೆಗಳ ತಾರಸಿಯಲ್ಲಿ ಪಾರ್ಟಿ ನಡೆಯುತ್ತದೆ. ಮೇಲೆ ಹದಿನಾರು, ಹದಿನೇಳರ ಮಕ್ಕಳು. ಕೆಳಗೆ ಅಪ್ಪ, ಅಮ್ಮ ಟಿವಿ ನೋಡುತ್ತಿರುತ್ತಾರೆ. ಬಿಯರ್ ತಂದುಕೊಟ್ಟವರು ಅವರೇ, ಇಲ್ಲವೇ ಒಬ್ಬ ಚಿಕ್ಕಪ್ಪ. "ಹೊರಗೆಲ್ಲೋ ಕುಡಿಯುವುದಕ್ಕಿಂತ ನಮ್ಮ ಕಣ್ಣೆದುರೇ ಇರಲಿ" ಎಂಬ ಸಮಾಧಾನ ಬೇರೆ. ತಮ್ಮ ಮಗನ ವಿಷಯ ಹಾಗಿರಲಿ. ಉಳಿದ ಮಕ್ಕಳ ಪರವಾಗಿಯೂ ತೀರ್ಮಾನಿಸಲು ಇವರು ಯಾರು? ಆ ಮಕ್ಕಳ ಮನೆಯಲ್ಲಿ "ಬರ್ತ್‌ಡೇ, ಊಟ ಮುಗಿಸಿ ಬರುತ್ತಾಳೆ" ಎಂದಷ್ಟೇ ಗೊತ್ತಿರುತ್ತದೆ.

ನಾನು ಹೊಸ ಕಾನೂನು ಕೇಳುತ್ತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ 18 ತುಂಬದವರಿಗೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರು ಯಾರೇ ಆಗಲಿ ಎನ್ನುತ್ತದೆ ಕಾಯ್ದೆ. ಬಾರ್ ಮಾಲೀಕರಿಗಷ್ಟೇ ಅಲ್ಲ, ಅಪ್ಪನಿಗೂ ವಿನಾಯಿತಿಯಿಲ್ಲ. (ಮದ್ಯ ಮಾರಾಟದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ಕರಡು ನಿಯಮ ಹೊರಡಿಸಿ, ವಿರೋಧ ಬಂದೊಡನೆ ಹಿಂದಕ್ಕೆ ಪಡೆಯಿತು. ಆ ಜಗಳ ಇಲ್ಲಿ ಬೇಡ. ಹದಿನಾರರ ಬಗ್ಗೆ ಯಾರಿಗೂ ಗೊಂದಲವಿಲ್ಲ.)

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗ ಕುಡಿದು ಓಡಿಸಿದನೆಂಬ ಪೋರ್ಶೆ ಕಾರು ಇಬ್ಬರು ಯುವ ಎಂಜಿನಿಯರ್‌ಗಳನ್ನು ಬಲಿ ತೆಗೆದುಕೊಂಡಿತು. ಆಮೇಲೆ ತಂದೆಯ ಮೇಲೂ ಮದ್ಯ ಕೊಟ್ಟ ಬಾರಿನವರ ಮೇಲೂ ಇದೇ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಹೆಣ ಬೀಳುವ ತನಕ ಈ ಕಲಂ ಯಾರಿಗೂ ನೆನಪಾಗಬಾರದೇ?

ನೆರೆಯವರು 112ಕ್ಕೆ ಕರೆ ಮಾಡುವುದು ಸದ್ದಿನ ಬಗ್ಗೆ. ಹಾಡು ನಿಂತರೆ ದೂರೂ ಮುಗಿಯಿತು. ದಯವಿಟ್ಟು ಠಾಣೆಗಳಿಗೆ ಸುತ್ತೋಲೆ ಕಳುಹಿಸಿ. ಬಾಗಿಲು ತಟ್ಟಿದವರು ಸ್ಪೀಕರ್ ಜೊತೆಗೆ ಲೋಟಗಳನ್ನೂ ನೋಡಲಿ. ಬೈಕ್‌ನಿಂದ ಬಿದ್ದಿರಲಿ, ಹೊಡೆದಾಡಿರಲಿ, ಕುಡಿದ ಬಾಲಕ ಸಿಕ್ಕಾಗಲೆಲ್ಲ ಯಾರು ತಂದುಕೊಟ್ಟರು, ಯಾರ ಮನೆಯಲ್ಲಿ ಎಂದು ಕೇಳಿ ಉತ್ತರವನ್ನು ಬರೆದುಕೊಳ್ಳಲಿ. ವಾರಾಂತ್ಯಕ್ಕೆ ಬಾಡಿಗೆಗೆ ಕೊಡುವ ಫಾರ್ಮ್‌ಹೌಸ್‌ಗಳ ಮಾಲೀಕರಿಗೂ ಇದು ಅನ್ವಯಿಸಲಿ.

ಹಿಡಿತ ಬಿಗಿಯಾದಷ್ಟೂ ಒಂದು ಅಪಾಯವಿದೆ: ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಲು ಗೆಳತಿಯರೇ ಹೆದರಿಯಾರು. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆ ರಕ್ಷಣೆ ಕೊಟ್ಟಿದೆ. ಅದೇ ರೀತಿ, 108ಕ್ಕೆ ಕರೆ ಮಾಡಿದ ಮಕ್ಕಳ ಮೇಲೆ ಕೇಸಿಲ್ಲವೆಂದು ಆ ಸುತ್ತೋಲೆಯಲ್ಲೇ ಸ್ಪಷ್ಟವಾಗಿ ಬರೆಸಿ.

ಇಂತಿ,
ಪಿಯು ಓದುವ ಮಗಳ ತಾಯಿ, ಬೆಂಗಳೂರು